ಬಿಸಿಲನ್ನು ಕಿಟಕಿಯ ಆಚೆಗೇ ತಡೆಯಿರಿ

ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಮನೆಯವರಿಗೆ ನೆನಪಾಗುವ ಕೆಲಸ ಕಿಟಕಿ ಪರದೆ. ಅಷ್ಟು ಹೊತ್ತಿಗೆ ಕೈ ಖಾಲಿಯಾಗಿರುತ್ತದೆ, ಆತುರವೂ ಇರುತ್ತದೆ. ಚಿಕ್ಕಪೇಟೆಯ ಅಂಗಡಿಯಿರಲಿ, ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಮಳಿಗೆಯಿರಲಿ, ಅಲ್ಲಿ ಎದುರಾಗುವ ಮೊದಲ ಪ್ರಶ್ನೆ ಸೋಫಾ ಯಾವ ಬಣ್ಣದ್ದು, ಗೋಡೆಗೆ ಯಾವ ಪೇಂಟು ಎಂಬುದು. ಕಿಟಕಿ ಯಾವ ದಿಕ್ಕಿಗಿದೆ ಎಂದು ಅಂಗಡಿಯವರು ಕೇಳುವುದು ಅಪರೂಪ, ಗಿರಾಕಿಗಳು ಹೇಳುವುದೂ ಅಪರೂಪ. ಐದಡಿ, ಏಳಡಿ, ಒಂಬತ್ತಡಿ ಎಂಬ ಸಿದ್ಧ ಅಳತೆಯ ದಪ್ಪ ಪಾಲಿಯೆಸ್ಟರ್ ಪರದೆಗಳು ಚೀಲ ಸೇರುತ್ತವೆ. ಮುಂದೆ ಎಷ್ಟೋ ವರ್ಷ ಮನೆಯ ಬೆಳಕು, ಗಾಳಿ, ಸೆಕೆಯನ್ನು ತೀರ್ಮಾನಿಸುವ ವಸ್ತುವನ್ನು ಹೀಗೆ ಬಣ್ಣವೊಂದನ್ನೇ ನೋಡಿ ಆರಿಸುವುದು ಸರಿಯಲ್ಲ.

ದಿಕ್ಕು ಏಕೆ ಮುಖ್ಯ ಎಂಬುದು ತಿಳಿಯಬೇಕಾದರೆ ಏಪ್ರಿಲ್ ತಿಂಗಳ ಸಂಜೆ ನಾಲ್ಕೂವರೆಗೆ ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಯೊಂದನ್ನು ಹೊಕ್ಕರೆ ಸಾಕು. ಪರದೆಯನ್ನು ಪೂರ್ತಿ ಎಳೆದಿರುತ್ತಾರೆ. ಕೋಣೆ ಮಬ್ಬಾಗಿರುತ್ತದೆ, ಹಾಡಹಗಲೇ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ಫ್ಯಾನು ಐದರಲ್ಲಿ ತಿರುಗುತ್ತಿರುತ್ತದೆ. ಆದರೂ ತಡೆಯಲಾಗದ ಸೆಕೆ. ಪರದೆಯ ಹಿಂಬದಿಗೆ ಕೈ ತೂರಿಸಿದರೆ ಬಟ್ಟೆ ಆಗಷ್ಟೇ ಇಸ್ತ್ರಿ ಮಾಡಿಟ್ಟಂತೆ ಬಿಸಿ. ಗಾಜಿಗೂ ಬಟ್ಟೆಗೂ ನಡುವಿನ ನಾಲ್ಕು ಬೆರಳಗಲದ ಸಂದಿಯಲ್ಲಿ ಕಾದ ಗಾಳಿ ಮೇಲಕ್ಕೇರಿ, ರಾಡಿನ ಮೇಲಿಂದ ಕೋಣೆಯೊಳಕ್ಕೇ ಹರಡುತ್ತಿರುತ್ತದೆ.

ಕಾರಣ ಸರಳ. ಬಿಸಿಲು ಗಾಜನ್ನು ಸಲೀಸಾಗಿ ದಾಟಿ ಬಂದು ಪರದೆಯನ್ನು ಕಾಯಿಸುತ್ತದೆ. ಕಾದ ಬಟ್ಟೆ ಹೊರಸೂಸುವ ಶಾಖದ ಅಲೆಗಳು ಬೇರೆ ಬಗೆಯವು, ಹೆಚ್ಚು ಉದ್ದನೆಯವು. ಅವನ್ನು ಗಾಜು ಆಚೆಗೆ ಬಿಟ್ಟುಕೊಡುವುದಿಲ್ಲ. ಒಳಗೆ ಬಂದ ಬಿಸಿಲಿನ ಒಂದು ಪಾಲನ್ನು ತಿಳಿ ಬಣ್ಣದ ಬಟ್ಟೆ ಬಂದ ದಾರಿಗೇ ತಿರುಗಿಸಬಲ್ಲದು, ಮಿಕ್ಕಿದ್ದು ಮನೆಯಲ್ಲೇ ಉಳಿಯುತ್ತದೆ. ಬಿಸಿಲನ್ನು ತಡೆಯಬೇಕಾದ ಜಾಗ ಗಾಜಿನ ಹೊರಮೈ.

ಅಮೆರಿಕದ ಇಂಧನ ಇಲಾಖೆ ಮನೆಮಂದಿಗೆ ಕೊಡುವ ಮಾಹಿತಿಯಲ್ಲಿ ಈ ಅಂತರ ಅಂಕಿಯಲ್ಲೇ ಇದೆ. ಹಿಂಬದಿಗೆ ಬಿಳಿ ಪ್ಲಾಸ್ಟಿಕ್ ಪದರವಿರುವ, ತೀರಾ ಗಾಢವಲ್ಲದ ಬಣ್ಣದ ಒಳಪರದೆ ಶಾಖವನ್ನು ಶೇ 33ರಷ್ಟು ತಗ್ಗಿಸಬಲ್ಲದು. ಪಶ್ಚಿಮದ ಕಿಟಕಿಗೆ ಹೊರಗಡೆ ಇಳಿಜಾರಾಗಿ ಕಟ್ಟಿದ ಬಟ್ಟೆಯ ಚಪ್ಪರ ತಡೆಯುವುದು ಶೇ 77ರವರೆಗೆ. ನಮ್ಮ ದೇಶದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ತಂದ ‘ಇಕೊ ನಿವಾಸ್ ಸಂಹಿತಾ’ ಕೂಡ ಇದೇ ದಾರಿಯಲ್ಲಿದೆ. ಗೋಡೆ, ಕಿಟಕಿಗಳಿಂದ ಮನೆಯೊಳಗೆ ಎಷ್ಟು ಶಾಖ ಬರುತ್ತದೆ ಎಂದು ಅಳೆಯುವಾಗ ಅದು ಹೊರಗಿನ ಕಾಯಂ ಸಜ್ಜಾ, ಪಕ್ಕದ ಚಾಚುಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಒಳಗೆ ಎಷ್ಟೇ ಬೆಲೆಯ ಪರದೆ ಇಳಿಬಿಟ್ಟರೂ ಆ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಕಿಟಕಿಯ ಮೇಲೆ ಸಜ್ಜಾ ಇದೆಯಲ್ಲ, ಸಾಲದೇ? ದಕ್ಷಿಣದ ಕಿಟಕಿಗೆ ಬಹುಮಟ್ಟಿಗೆ ಸಾಕು. ಸೂರ್ಯ ದಕ್ಷಿಣಕ್ಕೆ ವಾಲಿರುವ ಡಿಸೆಂಬರಿನಲ್ಲೂ ಬೆಂಗಳೂರಿನ ನಡುಹಗಲಲ್ಲಿ ಅವನು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡಡಿ ಚಾಚಿದ ಸಜ್ಜಾ ಎರಡೂವರೆ ಅಡಿಗೂ ಹೆಚ್ಚು ನೆರಳು ಚೆಲ್ಲುತ್ತದೆ. ಬೆಂಗಳೂರಿನ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತವೆ. ಆ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ಸರಿದಿದ್ದರೂ ನೆತ್ತಿಗೆ ಹತ್ತಿರವೇ ಇರುವುದರಿಂದ ಉತ್ತರದ ಕಿಟಕಿಗೆ ಮಧ್ಯಾಹ್ನ ಪುಟ್ಟ ಸಜ್ಜಾ ಸಾಕು. ಕಷ್ಟವಿರುವುದು ಪಶ್ಚಿಮದಲ್ಲಿ. ಏಪ್ರಿಲ್ ಕೊನೆಯ ವಾರ ಸಂಜೆ 4ಕ್ಕೆ ಸೂರ್ಯ 36 ಡಿಗ್ರಿಗೂ, 5ಕ್ಕೆ 22 ಡಿಗ್ರಿಗೂ ಇಳಿದಿರುತ್ತಾನೆ. ಅದೇ ಎರಡಡಿಯ ಸಜ್ಜಾದ ನೆರಳು 4ಕ್ಕೆ ಒಂದೂವರೆ ಅಡಿ, 5ಕ್ಕೆ ಹತ್ತೇ ಇಂಚು. ನಾಲ್ಕಡಿ ಎತ್ತರದ ಕಿಟಕಿಯ ಉಳಿದ ಭಾಗವೆಲ್ಲ ನೇರ ಬಿಸಿಲಿಗೆ ಮೈಯೊಡ್ಡಿರುತ್ತದೆ. ಪೂರ್ವದ ಕಿಟಕಿಗೂ ಬೆಳಿಗ್ಗೆ ಇದೇ ಕತೆ, ಆದರೆ ಆ ಹೊತ್ತಿಗೆ ಗೋಡೆಗಳು ತಣ್ಣಗಿರುತ್ತವೆ, ಎಳೆಬಿಸಿಲು ಮನೆಗೆ ಬೇಕಾದದ್ದೇ.

ಮನೆಗೆ ಹತ್ತು ಕಿಟಕಿಗಳಿದ್ದರೆ ಹತ್ತಕ್ಕೂ ಒಂದೇ ಬಗೆಯ ಪರದೆ ಬೇಕಾಗಿಲ್ಲ. ದುಡ್ಡು ಹಾಕಬೇಕಾದದ್ದು ಪಶ್ಚಿಮದ ಎರಡು ಮೂರು ಕಿಟಕಿಗಳಿಗೆ. ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ 28ರಂದು 38.5. ತಂಪಿನ ಊರೆಂಬ ಹಳೆಯ ನಂಬಿಕೆಯ ಮೇಲೆ ಈಗ ಮನೆ ಕಟ್ಟುವಂತಿಲ್ಲ.

ಹಿಂದಿನವರಿಗೆ ಈ ವಿವೇಕವಿತ್ತು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಉಳಿದಿರುವ ಹಳೆಯ ಬಂಗಲೆಗಳನ್ನು ನೋಡಿದರೆ ಕಿಟಕಿಗಳ ಮೇಲೆ ಮರದ ಪಟ್ಟಿ ಜೋಡಿಸಿದ ಚೂಪು ಮಾಡು ಕಾಣುತ್ತದೆ. ಬೆಂಗಳೂರಿಗರು ಅದನ್ನು ಮಂಕಿ ಟಾಪ್ ಎನ್ನುತ್ತಾರೆ. ನೋಟಕ್ಕೆ ಚೆಂದ, ಮಳೆಗೂ ಬಿಸಿಲಿಗೂ ತಡೆ, ಗಾಳಿಗೆ ಅಡ್ಡಿಯಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳ ಕಿಟಕಿಗಳಿಗೂ ಇಳಿಜಾರು ಹಂಚಿನ ಪುಟ್ಟ ಮಾಡು ಬಂತು. ಮಲೆನಾಡಿನಲ್ಲಿ ಮಳೆಗಾಲದ ಇರಿಚಲು ತಡೆಯಲು ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಎಲ್ಲವೂ ಗೋಡೆಯ ಹೊರಗೇ ನಿಂತು ಕೆಲಸ ಮಾಡುವಂಥವು.

ಇಂಥ ಹೊರ ಮರೆಗಳಲ್ಲಿ ಇಂದಿನ ಮನೆಗೂ ಸುಲಭವಾಗಿ ಒಗ್ಗುವುದು ಬಿದಿರಿನ ಚಿಕ್. ಹಳೆಯ ಸರ್ಕಾರಿ ಕಚೇರಿಗಳ ವರಾಂಡದಲ್ಲಿ ನೋಡಿದವರಿಗೆ ಅದರ ನೆನಪಿದ್ದೀತು. ಬೆಂಗಳೂರು, ಮೈಸೂರುಗಳ ಬಿದಿರು ಪೇಟೆಗಳಲ್ಲಿ ಮೇದಾರರು ಇಂದಿಗೂ ಬುಟ್ಟಿ, ಮೊರ, ಏಣಿಗಳ ಜೊತೆಗೆ ಅದನ್ನು ಅಳತೆಗೆ ತಕ್ಕಂತೆ ಮಾಡಿಕೊಡುತ್ತಾರೆ. ಗಣಿಕೆಯನ್ನು ಉದ್ದಕ್ಕೆ ಸೀಳಿ, ಪೆನ್ಸಿಲ್‌ಗಿಂತ ತೆಳ್ಳಗೆ ಹೆರೆದ ಕಡ್ಡಿಗಳನ್ನು ಸಾಲಾಗಿಟ್ಟು ಅಲ್ಲಲ್ಲಿ ಗಟ್ಟಿ ದಾರದಿಂದ ಹೆಣೆಯುತ್ತಾರೆ. ಅಂಚು ಬಿಚ್ಚದಂತೆ ಸುತ್ತ ಹಸಿರು ಅಥವಾ ನೀಲಿ ಬಟ್ಟೆಯ ಪಟ್ಟಿ. ಮೇಲೆ ರಾಟೆ, ಅದರೊಳಗೆ ಹಗ್ಗ. ಬಿಸಿಲು ಬರುವ ಹೊತ್ತಿಗೆ ಇಳಿಸಿ, ಸಂಜೆ ಆರಕ್ಕೆ ಸುತ್ತಿ ಮೇಲೆತ್ತಿದರೆ ಕಿಟಕಿ ಪೂರ್ತಿ ಬಯಲು. ಕಡ್ಡಿಗಳ ಸಂದಿಯಿಂದ ಗಾಳಿಯಾಡುತ್ತದೆ, ಮಂದ ಬೆಳಕು ಬರುತ್ತದೆ. ಹಗಲು ಒಳಗಿರುವವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಮನೆಯೊಳಗು ಕಾಣದು.

ಚಿಕ್ ಕೊಳ್ಳುವಾಗ ನೋಡಬೇಕಾದದ್ದು ಕುಟ್ಟೆ ಹುಳುವನ್ನು. ಕಡ್ಡಿಯಲ್ಲಿ ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಬಿದಿರು ಬೇಡ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ ಒಣಗಿಸಿದ ಬಿದಿರಿಗೆ ಹುಳು ಅಷ್ಟು ಬೇಗ ತಗಲುವುದಿಲ್ಲ. ಹಾಗೆ ಮಾಡಿದ್ದು ಸಿಕ್ಕರೆ ಹೆಚ್ಚು ಕೊಟ್ಟಾದರೂ ಕೊಳ್ಳಬೇಕು. ಬಿಸಿಲು, ಮಳೆ ಎರಡೂ ಬೀಳುವ ಕಡೆ ಕಟ್ಟುವುದಾದರೆ ಮೊದಲೇ ವಾರ್ನಿಷ್ ಹೊಡೆಸಿ, ವರ್ಷಕ್ಕೊಮ್ಮೆ ಮತ್ತೊಂದು ಕೈ ಹಚ್ಚಿಸಬೇಕು. ಮಳೆಗಾಲ ಹಿಡಿದು ಕೂತಾಗ ಬಿಚ್ಚಿ, ಒಣಗಿಸಿ, ಅಟ್ಟ ಸೇರಿಸಿದರೆ ಆಯುಸ್ಸು ಹೆಚ್ಚು. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ ಕೈಬಿಟ್ಟಿದೆ. ರೈತರು ಬಿದಿರು ಬೆಳೆದು ಮಾರುವ ದಾರಿ ತೆರೆದಿದೆ. ಕೊಳ್ಳುವವರು ಹೆಚ್ಚಿದರೆ ಬೆಳೆಯುವವರಿಗೂ ಹೆಣೆಯುವವರಿಗೂ ಬದುಕುಂಟು.

ಕಲಬುರಗಿ, ರಾಯಚೂರು, ಬಳ್ಳಾರಿಯ ಒಣ ಬೇಸಿಗೆಗೆ ಇನ್ನೂ ಒಂದು ಉಪಾಯವಿದೆ: ಲಾವಂಚದ ತಟ್ಟಿ. ಬೇರಿನ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ಅದರ ಮೂಲಕ ಹಾದುಬರುವ ಗಾಳಿ ತಂಪಾಗಿ, ಘಮ್ಮೆಂದು ಒಳಬರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನು ಅದು ಬೀಸಿಬರುವ ಗಾಳಿಯಿಂದಲೇ ಹೀರುತ್ತದೆ. ಆದರೆ ಇದು ಒಣಹವೆಯ ಊರಿಗೆ ಮಾತ್ರ. ಗಾಳಿಯಲ್ಲೇ ತೇವ ತುಂಬಿರುವ ಮಂಗಳೂರು, ಕಾರವಾರದಲ್ಲಿ ನೀರು ಆವಿಯಾಗುವುದು ನಿಧಾನ. ಅಲ್ಲಿ ಲಾವಂಚ ಕಟ್ಟಿದರೆ ಸುವಾಸನೆ ಬಂದೀತು, ತಂಪು ಬಾರದು, ಮುಗ್ಗಲು ಹಿಡಿದೀತು.

ಹೊರಗಿನ ಕೆಲಸ ಹೊರಗೇ ಆದರೆ ಒಳಗಿನ ಪರದೆಯ ಹೊರೆ ಎಷ್ಟೋ ಇಳಿಯುತ್ತದೆ. ಆಗ ಅದು ಕಣ್ಣು ಕುಕ್ಕುವ ಬೆಳಕನ್ನು ಸೋಸಿದರೆ, ರಾತ್ರಿ ಮನೆಯ ಮರ್ಯಾದೆ ಕಾದರೆ ಸಾಕು. ಇದಕ್ಕೆ ತಿಳಿ ಬಣ್ಣದ ಹತ್ತಿ ಬಟ್ಟೆಗಿಂತ ಒಳ್ಳೆಯದು ಮತ್ತೊಂದಿಲ್ಲ. ಖಾದಿ ಭಂಡಾರಗಳಲ್ಲಿ, ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳಲ್ಲಿ ಒಮ್ಮೆ ಹುಡುಕಿ ನೋಡುವುದು ಲೇಸು. ಕಪಾಟಿನಲ್ಲಿ ಮಡಿಸಿಟ್ಟ ಕಾಟನ್ ಸೀರೆಯೂ ಆದೀತು: ಐದೂವರೆ ಮೀಟರಿನ ಸೀರೆಯಲ್ಲಿ ಐದಡಿಯ ಕಿಟಕಿ ಪರದೆ ಮೂರು ಹೊಲಿಸಬಹುದು. ನೇರ ಬಿಸಿಲಿಗೆ ಹತ್ತಿಯ ಬಣ್ಣ ಮಾಸುತ್ತದೆ, ನೂಲು ಸವೆಯುತ್ತದೆ. ಹಿಂದೆ ಬಿಳಿ ಲೈನಿಂಗ್ ಕೊಡಿಸಿದರೆ ಬಾಳಿಕೆ ಬಂದೀತು, ಶಾಖವೂ ತುಸು ತಗ್ಗೀತು.

ಅಳತೆಯಲ್ಲಿ ಎಡವುವವರೇ ಹೆಚ್ಚು. ಕಿಟಕಿಯ ಅಗಲಕ್ಕೆ ಸರಿಯಾಗಿ ಬಟ್ಟೆ ತಂದರೆ ಎಳೆದಾಗ ಬಿಗಿದ ಹಾಳೆಯಂತೆ ನಿಲ್ಲುತ್ತದೆ, ಅಂಚಿನಿಂದ ಬೆಳಕು ಇಣುಕುತ್ತದೆ. ನೆರಿಗೆ ಬೀಳಬೇಕಾದರೆ ಅಗಲದ ಎರಡರಷ್ಟಾದರೂ ಬಟ್ಟೆ ಬೇಕು. ರಾಡು ಕಿಟಕಿಯ ಚೌಕಟ್ಟಿನಿಂದ ಎರಡೂ ಕಡೆ ಅರ್ಧ ಅಡಿ ಹೊರಗೆ ಚಾಚಿರಲಿ. ಆಗ ಪರದೆ ಸರಿಸಿದಾಗ ಅದು ಗೋಡೆಗೆ ಒತ್ತಿ ನಿಂತು ಗಾಜೆಲ್ಲ ತೆರೆದುಕೊಳ್ಳುತ್ತದೆ. ಸ್ಲೈಡಿಂಗ್ ಕಿಟಕಿಗಳಿರುವ ಮನೆಗೆ ಇದು ಇನ್ನೂ ಮುಖ್ಯ. ಎರಡು ಗಾಜಿನ ಕಿಟಕಿ ತೆರೆಯುವುದೇ ಅರ್ಧ, ಆ ಅರ್ಧಕ್ಕೂ ಪರದೆಯ ಮುದ್ದೆ ಅಡ್ಡ ಬಂದರೆ ಗಾಳಿ ಎಲ್ಲಿಂದ ಬರಬೇಕು? ಹೊಸ ಹತ್ತಿ ಬಟ್ಟೆಯನ್ನು ಟೈಲರ್‌ಗೆ ಕೊಡುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ. ಕೆಳಗಿನ ಮಡಿಕೆ ನಾಲ್ಕೈದು ಇಂಚು ಬಿಡಿಸಿದರೆ ಮುಂದೆ ಬಿಚ್ಚಿ ಇಳಿಸಿಕೊಳ್ಳಲು ಅವಕಾಶವಿರುತ್ತದೆ, ಆ ಭಾರಕ್ಕೆ ಪರದೆಯೂ ನೇರ ನಿಲ್ಲುತ್ತದೆ.

ತೆಳು ಜಾಲರಿ ಪರದೆ ಹಗಲಿಗೆ ಮಾತ್ರ ಮರೆ. ಕತ್ತಲಾಗಿ ಒಳಗೆ ದೀಪ ಹೊತ್ತಿತೆಂದರೆ ನೋಟದ ದಿಕ್ಕು ತಿರುಗುತ್ತದೆ, ಬೀದಿಗೆ ಮನೆಯೆಲ್ಲ ಕಾಣುತ್ತದೆ. ರಸ್ತೆಗೆ ಮುಖ ಮಾಡಿದ ಕೋಣೆಗೆ ಜೋಡಿ ರಾಡು ಹಾಕಿಸಿ, ಒಂದು ತೆಳು, ಒಂದು ದಪ್ಪ ಇಟ್ಟುಕೊಳ್ಳಬೇಕು. ಬ್ಲ್ಯಾಕ್‌ಔಟ್ ಪರದೆ ಬೇಡವೇ ಬೇಡ ಎಂದೇನಲ್ಲ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸು, ಚಾಲಕ, ಕಾಲ್ ಸೆಂಟರ್ ಉದ್ಯೋಗಿಗೆ ಕತ್ತಲೆ ಅಗತ್ಯ. ಅಂಥವರ ಮಲಗುವ ಕೋಣೆಗೆ ಅದು ಸರಿ. ನಡುಮನೆಗೂ ಅದನ್ನೇ ಹಾಕಿ, ಹಗಲೆಲ್ಲ ದೀಪ ಉರಿಸಿ ಕೂರುವುದು ತಪ್ಪು.

ಎರಡು ಅಪಾಯಗಳನ್ನು ಯಾರೂ ಹಗುರವಾಗಿ ಎಣಿಸಬಾರದು. ಒಂದು, ಅಡುಗೆಮನೆಯ ಉದ್ದ ಪರದೆ. ಗ್ಯಾಸ್ ಒಲೆಯ ಪಕ್ಕದ ಕಿಟಕಿಗೆ ಇಳಿಬಿಟ್ಟ ಬಟ್ಟೆ ಒಂದು ಗಾಳಿಗೆ ಉರಿಯ ಮೇಲೆ ಹಾಯುತ್ತದೆ. ಹತ್ತಿಯಾದರೆ ಹೊತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ 250 ಡಿಗ್ರಿ ದಾಟಿದರೆ ಕರಗಿ ತೊಟ್ಟಿಕ್ಕುತ್ತದೆ, ಚರ್ಮಕ್ಕೆ ಅಂಟಿದರೆ ಗಾಯ ಆಳ. ಒಲೆಯ ಬಳಿ, ದೇವರ ದೀಪದ ಬಳಿ ಬಟ್ಟೆಯೇ ಬೇಡ; ಗಾಜಿನ ಕೆಳಭಾಗಕ್ಕೆ ಮಬ್ಬು ಹಾಳೆ ಅಂಟಿಸಿದರೆ ಮರೆಯಾಗುತ್ತದೆ. ಇನ್ನೊಂದು, ಬ್ಲೈಂಡ್ಸ್‌ನ ಜೋತುಬಿದ್ದ ದಾರ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಾರ ಕಿಟಕಿ ಪರದೆ, ಬ್ಲೈಂಡ್ಸ್‌ಗಳ ದಾರ ಕುತ್ತಿಗೆಗೆ ಸಿಲುಕಿ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ ಒಂಬತ್ತು ಪುಟ್ಟ ಮಕ್ಕಳು ಸಾಯುತ್ತಾರೆ. ಎಲ್ಲರೂ ಐದು ವರ್ಷ ಮೀರದವರು. ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಬ್ಲೈಂಡ್ಸ್‌ಗೆ ಮಗುವಿನ ಕೈಗೆಟಕುವ ದಾರ ಇರಕೂಡದೆಂಬ ಮಾನದಂಡ ಅಲ್ಲಿ 2018ರ ಕೊನೆಗೆ ಜಾರಿಗೆ ಬಂತು. ಕೂಸಿರುವ ಮನೆಯವರು ದಾರವಿಲ್ಲದ್ದನ್ನೇ ಕೇಳಿ ತರಬೇಕು. ಈಗಾಗಲೇ ದಾರದ್ದು ಇದ್ದರೆ ದೊಡ್ಡವರ ಭುಜದೆತ್ತರಕ್ಕೆ ಗೋಡೆಗೆ ಕೊಕ್ಕೆ ಹೊಡೆದು ಸುತ್ತಿಡಬೇಕು. ತೊಟ್ಟಿಲು, ಮಂಚ, ಕುರ್ಚಿ ಯಾವುದೂ ಆ ಕಿಟಕಿಯ ಕೆಳಗೆ ಬೇಡ. ಹೊರಗಿನ ಚಿಕ್‌ನ ಹಗ್ಗಕ್ಕೂ ಇದೇ ನಿಯಮ.

ಒಗೆಯುವುದೆಂದರೆ ಹಬ್ಬಕ್ಕೆ ಎಂಬ ರೂಢಿ ನಮ್ಮಲ್ಲಿದೆ. ಯುಗಾದಿಗೊಮ್ಮೆ, ದಸರೆಗೋ ದೀಪಾವಳಿಗೋ ಇನ್ನೊಮ್ಮೆ. ರಸ್ತೆ ಬದಿಯ ಮನೆಗೆ, ಆಸ್ತಮಾ ಇರುವವರ ಮನೆಗೆ ಇದು ಸಾಲದು. ಪರದೆಯ ನೆರಿಗೆ ದೂಳಿನ ಗೂಡು, ಅದರಲ್ಲಿ ಕಣ್ಣಿಗೆ ಕಾಣದ ನುಸಿಗಳ ವಾಸ. 55–60 ಡಿಗ್ರಿ ಬಿಸಿನೀರಿಗೆ ನುಸಿ ಸಾಯುತ್ತದೆ. ಅಷ್ಟು ಬಿಸಿಯನ್ನು ತಾಳುವುದು ಬಣ್ಣ ಬಿಡದ ಹತ್ತಿ. ಪರದೆ ಆರಿಸುವಾಗಲೇ ಇದನ್ನೂ ಯೋಚಿಸಬೇಕು. ಕೊಕ್ಕೆಗಳನ್ನು ತೆಗೆದು, ದೂಳು ಕೊಡವಿ, ಒಗೆದು ಹಿಂಡಿದ ಮೇಲೆ ಹತ್ತಿ ಪರದೆಯನ್ನು ಅರೆಬರೆ ಒಣಗಿದಾಗಲೇ ರಾಡಿಗೆ ಏರಿಸಿದರೆ ತನ್ನ ಭಾರಕ್ಕೆ ತಾನೇ ಸುಕ್ಕು ಬಿಡಿಸಿಕೊಳ್ಳುತ್ತದೆ, ಇಸ್ತ್ರಿಯ ಗೊಡವೆಯಿಲ್ಲ. ಹಿಂದೆ ಲೇಪವಿರುವ ಬ್ಲ್ಯಾಕ್‌ಔಟ್ ಬಟ್ಟೆಯನ್ನು ಮಾತ್ರ ಹಿಂಡಬಾರದು, ಲೇಪದ ಮೇಲೆ ಬಿಸಿ ಇಸ್ತ್ರಿ ಇಡಬಾರದು; ಬಿರುಕು ಬಿಟ್ಟು ಉದುರುತ್ತದೆ. ಪಟ್ಟಿ ಪಟ್ಟಿ ಬ್ಲೈಂಡ್ಸ್‌ಗೆ ಹಳೆಯ ಕಾಲುಚೀಲವನ್ನು ಕೈಗೆ ತೊಟ್ಟು, ತುಸು ಒದ್ದೆ ಮಾಡಿ, ಒಂದೊಂದೇ ಪಟ್ಟಿಯನ್ನು ಎರಡೂ ಮಗ್ಗುಲಿಂದ ಒರೆಸಿದರೆ ಬೇಗ ಮುಗಿಯುತ್ತದೆ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಮಖಮಲ್ಲು, ಎರಡು ಪದರದ ಭಾರಿ ಪರದೆ ತೂಗುಹಾಕಿದರೆ ಶ್ರಾವಣದ ಹೊತ್ತಿಗೆ ಬೂಸ್ಟು ಬಂದಿರುತ್ತದೆ. ಅಲ್ಲಿಗೆ ಬೇಗ ಆರುವ ಒಂಟಿ ಪದರದ ಬಟ್ಟೆಯೇ ಸರಿ. ಇನ್ನು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಪರದೆ ಸೊಳ್ಳೆಯನ್ನು ತಡೆಯುವುದಿಲ್ಲ, ಜಾಲರಿ ತಡೆಯುತ್ತದೆ. ಕಿಟಕಿಗೆ ಮೀಸಲಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಜಾಲರಿಗೆ, ಎರಡನೆಯದು ಪಶ್ಚಿಮದ ಹೊರ ನೆರಳಿಗೆ ಹೋಗಬೇಕು. ಒಳಪರದೆಯ ಸರದಿ ಆಮೇಲೆ.

ಇಷ್ಟೆಲ್ಲ ತಿಳಿದರೂ ಸಾವಿರಾರು ಕುಟುಂಬಗಳ ಕೈ ಕಟ್ಟಿದೆ. ಎಷ್ಟೋ ಅಪಾರ್ಟ್‌ಮೆಂಟುಗಳ ನಿಯಮ ಪುಸ್ತಕದಲ್ಲಿ ಕಿಟಕಿಯ ಹೊರಗೆ ಏನನ್ನೂ ಕಟ್ಟಬಾರದು ಎಂದು ಬರೆದಿದೆ. ಕಟ್ಟಡದ ಮುಖ ಒಂದೇ ಥರ ಕಾಣಬೇಕು ಎಂಬುದು ಅದಕ್ಕೆ ಕೊಡುವ ಕಾರಣ. ಅದೇ ಗೋಡೆಯ ಮೇಲೆ ಎ.ಸಿ.ಯ ಹೊರ ಪೆಟ್ಟಿಗೆಗಳು ಸಾಲಾಗಿ ಕೂತು ಬಿಸಿಗಾಳಿ ಕಾರುವುದಕ್ಕೆ ಅನುಮತಿಯಿದೆ, ಬಿದಿರಿನ ತಟ್ಟಿಗಿಲ್ಲ. ಇದು ಅನ್ಯಾಯ. ಪಶ್ಚಿಮದ ಫ್ಲ್ಯಾಟಿನವರು ಉಳಿದವರಷ್ಟೇ ನಿರ್ವಹಣಾ ಶುಲ್ಕ ಕಟ್ಟಿಯೂ ಬೇಸಿಗೆಯ ಮೂರು ತಿಂಗಳು ಬೇಯುತ್ತಾರೆ.

ನಿವಾಸಿಗಳ ಸಂಘದವರ ಆತಂಕದಲ್ಲಿ ಹುರುಳಿಲ್ಲವೆಂದಲ್ಲ. ಮುಂಗಾರುಪೂರ್ವ ಮಳೆಯ ಬಿರುಗಾಳಿಗೆ ಎಂಟನೇ ಮಹಡಿಯ ಚಿಕ್ ಕಿತ್ತು ಕೆಳಗೆ ಬಿದ್ದರೆ ಅನಾಹುತ. ಅದಕ್ಕೆ ದಾರಿಗಳಿವೆ. ಬಾಲ್ಕನಿಯ ಒಳಗಂಚಿಗೆ, ಗ್ರಿಲ್ಲಿನ ಹಿಂದೆ ಚಿಕ್ ಕಟ್ಟಿದರೆ ಅದು ಕಟ್ಟಡದ ಗೆರೆ ದಾಟುವುದಿಲ್ಲ, ಆದರೂ ಒಳಬಾಗಿಲಿನ ಗಾಜಿಗೆ ಬಿಸಿಲು ಮುಟ್ಟದು. ಬಯಲು ಕಿಟಕಿಗಳಿಗೆ ಎರಡು ಬದಿಯ ಹಳಿಯೊಳಗೆ ಜಾರುವ ಗಟ್ಟಿ ಬಟ್ಟೆಯ ಹೊರಪರದೆಗಳು ಸಿಗುತ್ತವೆ. ಬಣ್ಣ ಒಂದೇ ಇರಲಿ ಎನ್ನುವುದಾದರೆ ಒಂದು ಬಣ್ಣ, ಒಂದು ಅಳತೆ, ಒಂದು ಬಗೆಯ ಕೊಕ್ಕೆಯನ್ನು ಸಂಘವೇ ಗೊತ್ತುಮಾಡಿ, ಒಟ್ಟಾಗಿ ತರಿಸಲಿ. ಅಗ್ಗವೂ ಆದೀತು, ಮುಖವೂ ಕೆಡದು.

ಬಿಲ್ಡರುಗಳ ಪಾತ್ರ ಇದಕ್ಕಿಂತ ದೊಡ್ಡದು. ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು ಇಟ್ಟು, ಅರ್ಧ ಅಡಿಯ ಸಜ್ಜಾವನ್ನೂ ಕೊಡದೆ, ಅದನ್ನೇ ಐಷಾರಾಮ ಎಂದು ಮಾರುವುದನ್ನು ಅವರು ನಿಲ್ಲಿಸಬೇಕು. ಮನೆ ಕೊಳ್ಳುವವರು ಮಾದರಿ ಫ್ಲ್ಯಾಟನ್ನು ಬೆಳಿಗ್ಗೆ ಹನ್ನೊಂದಕ್ಕೆ ನೋಡಿ ಮುಂಗಡ ಕೊಡಬಾರದು, ಸಂಜೆ ನಾಲ್ಕೂವರೆಗೆ ಮತ್ತೊಮ್ಮೆ ಹೋಗಿ ನಿಂತು ನೋಡಬೇಕು.

ಅಪಾರ್ಟ್‌ಮೆಂಟಿನ ಬೈಲಾ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ನಿವಾಸಿಗಳೇ ಸಾಮಾನ್ಯ ಸಭೆಯಲ್ಲಿ ತಿದ್ದಿಕೊಳ್ಳಬಹುದಾದದ್ದು. ಫೆಬ್ರುವರಿ ಮುಗಿಯುವುದರೊಳಗೆ ಸಭೆ ಕರೆಯಿರಿ, ಪಶ್ಚಿಮದ ಮನೆಯವರ ಮಾತು ಕೇಳಿ, ಹೊರ ನೆರಳಿಗೆ ಒಪ್ಪಿಗೆ ಕೊಡಿ.